ತಂತಿ ಮೇಷ್ಟ್ರು ಹೇಳಿದ ಸುಳ್ಳು

ತಂತಿ ಮೇಷ್ಟ್ರು ಜೀವಮಾನದಲ್ಲಿ ಯಾರಿಗೂ ಒಂದಕ್ಷರ ಪಾಠ ಹೇಳಿಕೊಟ್ಟವರಲ್ಲ. ಆದರೂ ಊರಿಗೆಲ್ಲ ಅವರು ಮೇಷ್ಟ್ರೇ. ಮನೆಮನೆಗೆ ಹೋಗಿ ಪಿಯಾನೋಗಳ ಶ್ರುತಿ ಕೂಡಿಸುವುದು ಅವರ ಕಸುಬು. ಯಾವುದೋ ಮನೆಯ ಮಗು ಅವರನ್ನು ಸಂಗೀತ ಕಲಿಸುವ ಮೇಷ್ಟ್ರೆಂದು ತಿಳಿದು, ಹೆದರಿ ಮಂಚದ ಕೆಳಗೆ ಹೋಗಿ ಕೂತಿತ್ತಂತೆ. ಹೆಸರು ಅಲ್ಲಿಂದ ಅಂಟಿಕೊಂಡಿತು. ಅಂಟಿಕೊಂಡದ್ದನ್ನು ಕೀಳಲು ಅವರೂ ಹೋಗಲಿಲ್ಲ. ಮೇಷ್ಟ್ರೇ ಅಂದರೆ ಯಾರಿಗೆ ತಾನೇ ಬೇಜಾರು?

ಕಸುಬು ಕಲಿಸಿದ್ದು ಸೋದರಮಾವ. ಮಾವ ಮಾತಿನಲ್ಲಿ ಬಲು ಜಿಪುಣ. ಎರಡು ತಂತಿಗಳನ್ನು ಒಟ್ಟಿಗೆ ಮೀಟಿ, "ಕೇಳು, ಜಗಳ ಆಡ್ತಿವೆ. ಮಧ್ಯೆ ಒಂದು ನಡುಕ ಇದೆ ನೋಡು. ಅದು ನಿಲ್ಲೋವರೆಗೂ ಬಿರಡೆ ತಿರುಗಿಸು. ಇಷ್ಟೇ ವಿದ್ಯೆ," ಎಂದಿದ್ದ. ಆ ಇಷ್ಟೇ ವಿದ್ಯೆ ಕೈಗೆ ಹತ್ತಲು ಹುಡುಗನಿಗೆ ವರ್ಷಗಳೇ ಹಿಡಿದವು. ಒಮ್ಮೆ ಹತ್ತಿದ ಮೇಲೆ ಮಾತ್ರ ಹಿಂತಿರುಗಿ ನೋಡಲಿಲ್ಲ. ಮದುವೆಯಾದರು, ಬಾಡಿಗೆ ಮನೆ ಹಿಡಿದರು. ಹೆಂಡತಿ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಇವರು ಬಿರಡೆ ತಿರುಗಿಸುವ ಕೀಲಿಗಳ ಚೀಲ ಹೆಗಲಿಗೇರಿಸಿಕೊಂಡು ಊರು ಸುತ್ತುತ್ತಿದ್ದರು.

ಈ ಕಸುಬಿನಲ್ಲಿ ಒಂದು ಸೌಕರ್ಯ ಇದೆ. ಪಿಯಾನೋದ ಮುಂದಿನ ಹಲಗೆ ತೆಗೆದರೆ ಒಳಗೆ ಕಾಣುವುದು ತಂತಿಯ ಕಾಡು, ಸುತ್ತಿಗೆಗಳ ಸಾಲು. ಮನೆಯವರು ಇಣುಕಿ ನೋಡಿ "ಅಬ್ಬಬ್ಬಾ" ಎಂದು ಹಿಂದೆ ಸರಿಯುತ್ತಾರೆ. ಮೇಷ್ಟ್ರು ಏನು ಹೇಳಿದರೋ ಅದೇ ವೇದವಾಕ್ಯ. ಇಷ್ಟು ವರ್ಷ ಅವರು ಆ ನಂಬಿಕೆಯನ್ನು ದುರುಪಯೋಗ ಮಾಡಿಕೊಂಡಿರಲಿಲ್ಲ. ಮಾಡಿಕೊಂಡದ್ದು ಒಂದೇ ಸಲ, ಅಂಚೆಯಮ್ಮನ ಮನೆಯಲ್ಲಿ.

ಅಂಚೆಯಮ್ಮ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸ ಮಾಡಿ ನಿವೃತ್ತಿಯಾದಾಕೆ. ಪಿಯಾನೋ ಕಲಿತದ್ದು ನಲವತ್ತು ದಾಟಿದ ಮೇಲೆ. ಬಸ್ಸು ಓಡಿಸುತ್ತಿದ್ದ ಗಂಡ, ಬಾಗಿಲು ಹಾಕಿದ ಒಂದು ಹೋಟೆಲಿನಿಂದ ಅದನ್ನು ತಂದಿದ್ದ. ಡಿಪೋದ ಗೆಳೆಯರನ್ನೆಲ್ಲ ಸೇರಿಸಿ ಮೂರನೇ ಮಹಡಿಗೆ ಹೊರಿಸಿದ್ದ. ಅಕ್ಕಪಕ್ಕದವರು, "ಮನೆಗೆ ಸೊಸೆ ಬರೋ ಮೊದಲೇ ಆನೆ ಬಂತು," ಎಂದು ನಕ್ಕಿದ್ದರು. ಆಕೆ ನುಡಿಸುತ್ತಿದ್ದದ್ದು ಸರಳವಾದ, ನಿಧಾನದ ಧಾಟಿಗಳು. ಒಂದು ಕಡೆ ಯಾವಾಗಲೂ ತಪ್ಪುತ್ತಿದ್ದಳು, ತಪ್ಪಿದಲ್ಲೇ ನಿಂತು ತನಗೆ ತಾನೇ "ಛೆ" ಅಂದುಕೊಂಡು ಮತ್ತೆ ಮೊದಲಿಂದ ಶುರು ಮಾಡುತ್ತಿದ್ದಳು. ಗಂಡ ತೀರಿಕೊಂಡ ಮೇಲೂ ಆ ರೂಢಿ ನಿಲ್ಲಲಿಲ್ಲ. ಬೆಳಗ್ಗೆ ಎದ್ದು, ಮುಖ ತೊಳೆದು, ಚಹಾ ಕುಡಿದು, ಪಿಯಾನೋದ ಮುಂದೆ ಕೂರುವುದು. ಅದಾದ ಮೇಲೇ ಆಕೆಗೆ ಬೆಳಗಾಗುತ್ತಿದ್ದದ್ದು.

ಮೇಷ್ಟ್ರು ಅಲ್ಲಿಗೆ ವರ್ಷಕ್ಕೆರಡು ಬಾರಿ ಹೋಗುತ್ತಿದ್ದರು. ಶ್ರುತಿ ಮುಗಿದ ಮೇಲೆ ಆಕೆ ನುಡಿಸಿ ನೋಡಬೇಕು, ಇವರು ಕುರ್ಚಿಯಲ್ಲಿ ಕೂತು ಚಹಾ ಕುಡಿಯಬೇಕು. ಇಬ್ಬರೂ ಊರಿನ ಸುದ್ದಿ ಮಾತಾಡಬೇಕು. "ಮೇಷ್ಟ್ರೇ, ಈ ಸಲ ಪಿಯಾನೋದ ಕೆಳಗಿನ ಸ್ವರದ ಮನೆಗಳು ಗಂಟಲು ಬಿಟ್ಟು ಹಾಡ್ತಿವೆ," ಎಂದು ಆಕೆ ಹೇಳಿದರೆ ಇವರಿಗೆ ಅವತ್ತಿನ ದಣಿವೆಲ್ಲ ಇಳಿದಂತೆ.

ಆ ಸಲ ಹೋದಾಗ ಅಂಚೆಯಮ್ಮನ ಸೊಸೆ ಮೆಟ್ಟಿಲ ಬುಡದಲ್ಲೇ ಕಾದು ನಿಂತಿದ್ದಳು. ಅವಳು ಆಸ್ಪತ್ರೆಯಲ್ಲಿ ನರ್ಸ್. ಹೆಚ್ಚಾಗಿ ರಾತ್ರಿ ಪಾಳಿ. ಗಂಡ ಲಾರಿ ಓಡಿಸುವವನು, ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಜಾಸ್ತಿ. ಅವಳ ಕಣ್ಣ ಸುತ್ತ ಕಪ್ಪು ಕಟ್ಟಿತ್ತು.

"ಮೇಷ್ಟ್ರೇ, ಮೇಲೆ ಹೋಗೋ ಮುಂಚೆ ಒಂದು ಮಾತು," ಎಂದಳು. "ನಾನು ಪಾಳಿ ಮುಗಿಸಿ ಬಂದು ಮಲಗೋದು ಬೆಳಗ್ಗೆ. ಕಣ್ಣಿಗೆ ನಿದ್ದೆ ಹತ್ತೋ ಹೊತ್ತಿಗೆ ಅತ್ತೆ ಶುರು ಮಾಡ್ತಾರೆ. ಮಧ್ಯೆ ಒಂದು ಪರದೆ ಬಿಟ್ರೆ ಗೋಡೆ ಕೂಡ ಇಲ್ಲ."

"ಅವರಿಗೆ ಹೇಳಿ ನೋಡಮ್ಮ."

"ಹೇಗೆ ಹೇಳ್ಲಿ? ಮಾವನವರು ಹೊತ್ತು ತಂದದ್ದು ಅದು. ಮೊನ್ನೆ ಒಬ್ಬ ರೋಗಿಗೆ ಬೇರೆಯವರ ಮಾತ್ರೆ ಕೊಡ್ತಾ ಇದ್ದೆ, ಮೇಷ್ಟ್ರೇ. ಪಕ್ಕದಲ್ಲಿದ್ದವರು ಕೈ ಹಿಡಿದರು. ಹಿಡೀದೇ ಇದ್ದಿದ್ರೆ?" ಅವಳ ದನಿ ಒಡೆಯಿತು. "ಈಗ ಕರೆಂಟಿನ ಪಿಯಾನೋ ಬರುತ್ತಲ್ಲ, ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ನುಡಿಸೋದು. ಅದನ್ನ ತಂದುಕೊಡ್ತೀವಿ. ಆದರೆ ಹಳೇದು ಚೆನ್ನಾಗಿರೋವರೆಗೂ ಅವರು ಒಪ್ಪಲ್ಲ. ಅದು ಹಾಳಾಗಿದೆ ಅಂತ ನೀವು ಹೇಳಿದ್ರೆ ನಂಬ್ತಾರೆ. ಇನ್ಯಾರು ಹೇಳಿದ್ರೂ ನಂಬಲ್ಲ."

ಅವಳು ಮುಂದಾಗಿ ಹತ್ತಿ ಹೋಗಿ ಪರದೆಯ ಹಿಂದೆ ಮಲಗಿದಳು. ಮೇಷ್ಟ್ರು ಕೀಲಿಚೀಲ ಸರಿಮಾಡಿಕೊಂಡು ಮೆಟ್ಟಿಲು ಹತ್ತಿದರು. ಅವರ ಮಂಡಿ ಕೆಟ್ಟು ಬಹಳ ದಿನವಾಗಿತ್ತು. ಎರಡನೇ ಮಹಡಿ ಮುಟ್ಟುವಷ್ಟರಲ್ಲಿ ಕಂಬಿ ಹಿಡಿದು ನಿಂತು ಉಸಿರು ಬಿಡಬೇಕಾಯಿತು. ಇದನ್ನು ಇಲ್ಲಿ ಹೇಳಲೇಬೇಕು. ಆಮೇಲೆ ಅವರು ಆ ದಿನವನ್ನು ನೆನೆದಾಗಲೆಲ್ಲ, ಸೊಸೆಯ ಕಣ್ಣೀರಿಗೆ ಕರಗಿದೆನೋ ಅಥವಾ ಈ ಮೆಟ್ಟಿಲಿನ ಕಾಟ ತಪ್ಪಲಿ ಅಂದುಕೊಂಡೆನೋ ಎಂದು ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು. ಉತ್ತರ ಅವರಿಗೆ ಗೊತ್ತಿತ್ತು. ಅದಕ್ಕೇ ಮತ್ತೆ ಮತ್ತೆ ಕೇಳಿಕೊಳ್ಳುತ್ತಿದ್ದದ್ದು.

ಪಿಯಾನೋ ಬಿಚ್ಚಿ ನೋಡಿದರೆ ಕೆಳಗಿನ ಸ್ವರಗಳ ಕೆಲವು ಬಿರಡೆ ಮಾತ್ರ ಸಡಿಲವಾಗಿದ್ದವು. ಆ ಬಿರಡೆಗಳನ್ನು ಕಿತ್ತು, ನೂಲಿನಷ್ಟು ಹೆಚ್ಚು ದಪ್ಪನೆಯ ಬಿರಡೆಗಳನ್ನು ಹೊಡೆದರೆ ಸರಿಹೋಗುತ್ತಿತ್ತು. ಆದರೆ ಹೊಸ ಬಿರಡೆ ಕಚ್ಚಿಕೊಳ್ಳುವವರೆಗೆ ದಿನವೂ ಬಂದು ಶ್ರುತಿ ಸರಿಮಾಡಬೇಕು, ದಿನವೂ ಮೂರು ಮಹಡಿ ಹತ್ತಬೇಕು.

"ಏನಾಗಿದೆ ಮೇಷ್ಟ್ರೇ?" ಅಂಚೆಯಮ್ಮ ಕನ್ನಡಕ ಏರಿಸಿಕೊಂಡು ಕೇಳಿದಳು.

"ಬಿರಡೆ ಕೂರೋ ಹಲಗೆ ಉದ್ದಕ್ಕೂ ಸೀಳಿದೆ ಅಮ್ಮಾ." ಮಾತು ತಾನಾಗಿ ಹೊರಗೆ ಬಂತು. "ಇನ್ನು ಶ್ರುತಿ ನಿಲ್ಲಲ್ಲ."

"ರಿಪೇರಿ?"

"ಆಗಲ್ಲ."

ಆಕೆ ಪಿಯಾನೋದ ಮುಚ್ಚಳವನ್ನು ಸೆರಗಿನಿಂದ ಒಮ್ಮೆ ಒರೆಸಿದಳು. ಆಮೇಲೆ, "ನೀವೇ ಹೇಳಿದ ಮೇಲೆ ಮುಗೀತು ಬಿಡಿ. ಎಲ್ಲಕ್ಕೂ ಒಂದು ಆಯಸ್ಸು ಅಂತ ಇರುತ್ತೆ," ಎಂದು ಎದ್ದು ಚಹಾಕ್ಕೆ ನೀರಿಟ್ಟಳು. ಪರದೆಯ ಆಚೆಯಿಂದ ಸೊಸೆ ಮಲಗಿದಲ್ಲೇ ಹೊರಳಿದ ಸದ್ದು ಬಂತು. ಮೇಷ್ಟ್ರು ಆ ಚಹಾವನ್ನು ಬಿಸಿ ಆರುವ ಮುಂಚೆಯೇ ಗಟಗಟ ಕುಡಿದು ಎದ್ದರು.

ಸುಳ್ಳು ಹೇಳಿದವರಿಗೆ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. ಹಳೇ ಪಿಯಾನೋ ಯಾರಿಗೂ ಬೇಡವಾಗಿತ್ತು. ಸುಮ್ಮನೆ ಕೊಡುತ್ತೇವೆಂದರೂ ಶಾಲೆಯವರು ಜಾಗವಿಲ್ಲ ಎಂದರು, ಹಳೇ ಸಾಮಾನಿನ ಅಂಗಡಿಯವರು ಕೈಮುಗಿದರು. ಕೊನೆಗೆ ಸಾಮಾನು ಸಾಗಿಸುವ ತಂಡವನ್ನು ಕರೆಸಿದ್ದಾಯಿತು. ಅದರ ಮುಖಂಡನನ್ನು ಎಲ್ಲರೂ ಗೂಳಿ ಅನ್ನುತ್ತಿದ್ದರು. ಅವನ ಕುತ್ತಿಗೆ ನೋಡಿದರೆ ಯಾಕೆಂದು ಕೇಳುವ ಅಗತ್ಯವೇ ಇರಲಿಲ್ಲ. ಗೂಳಿ ಟೇಪು ಹಿಡಿದು ಮೆಟ್ಟಿಲು ಅಳೆದು ಬಂದ. ಎರಡನೇ ಮಹಡಿಯ ತಿರುವಿನಲ್ಲಿ ಈಚೆಗೆ ಕಬ್ಬಿಣದ ಗೇಟು ಕೂರಿಸಿದ್ದರು.

"ಇಡಿಯಾಗಿ ಇಳಿಯಲ್ಲ ಮೇಷ್ಟ್ರೇ. ಇಲ್ಲೇ ಬಿಚ್ಚಬೇಕು. ಆದರೆ ತಂತಿ ಬಿಗಿಯಾಗಿರೋವಾಗ ನಮ್ಮ ಹುಡುಗ್ರು ಕೈ ಹಾಕಲ್ಲ. ಹೋದ ಸಲ ಒಂದು ಸಿಡಿದು ಒಬ್ಬನ ಕೆನ್ನೆ ಸೀಳಿತು. ನೀವೇ ಬಂದು ಸಡಿಲ ಮಾಡಿಕೊಡಿ."

ಹೀಗೆ ಮೇಷ್ಟ್ರು ಮತ್ತೆ ಆ ಪಿಯಾನೋದ ಮುಂದೆ ಕೂತರು. ಈ ಸಲ ಬಿಗಿಯುವುದಕ್ಕಲ್ಲ, ಸಡಿಲಿಸುವುದಕ್ಕೆ. ಕೀಲಿ ಹಾಕಿ ಮೊದಲ ಬಿರಡೆ ತಿರುಗಿಸಿದರು. ಅದು ಅಲುಗಲಿಲ್ಲ. ಒತ್ತಿ ತಿರುಗಿಸಬೇಕಾಯಿತು. ಮುಂದಿನದೂ ಹಾಗೆಯೇ. ಆ ಕೆಲವು ಸಡಿಲ ಬಿರಡೆ ಬಿಟ್ಟರೆ, ಹಲಗೆ ಉಳಿದ ಒಂದೊಂದನ್ನೂ ಮುಷ್ಟಿಯಲ್ಲಿ ಹಿಡಿದಂತೆ ಹಿಡಿದಿತ್ತು. ಒಂದೊಂದನ್ನೂ ಅವರು ಬಿಡಿಸುತ್ತ ಹೋದರು. ತಾವೇ ವರ್ಷಗಟ್ಟಲೆ ಕೂಡಿಸಿಟ್ಟ ಸ್ವರಗಳು ಕೆಳಗಿಳಿದು ಇಳಿದು, ನರಳಿ, ಕೊನೆಗೆ ಬರೀ ತಂತಿಯ ಬಡಬಡ ಸದ್ದಾಗುತ್ತಿದ್ದವು. ಅಂಗಿ ಬೆನ್ನಿಗೆ ಅಂಟಿಕೊಂಡಿತು.

ಅಂಚೆಯಮ್ಮ ಪಕ್ಕದಲ್ಲೇ ನಿಂತಿದ್ದಳು. ಒಳಗೆ ಹೋಗಿ ಕೂತುಕೊಳ್ಳಿ ಎಂದರೂ ಹೋಗಲಿಲ್ಲ.

"ಸೀಳಿದೆ ಅಂದ್ರಿ, ಆದರೂ ನೋಡಿ ಹೇಗೆ ಹಟ ಮಾಡ್ತಿದೆ," ಎಂದಳು. "ನಮ್ಮನೆಯವರೂ ಹೀಗೇ. ಡಾಕ್ಟ್ರು ಕೈ ಬಿಟ್ಟ ಮೇಲೂ ಬಿಟ್ಟುಕೊಡ್ಲಿಲ್ಲ."

ಮೇಷ್ಟ್ರಿಗೆ ಆಗ ಹೇಳಿಬಿಡಬೇಕೆನಿಸಿತು. ಅರ್ಧದಷ್ಟು ಬಿರಡೆ ಇನ್ನೂ ಬಾಕಿ ಇದ್ದವು. ಆ ಕ್ಷಣದಲ್ಲಿ ಹೇಳಿದ್ದರೂ ಮತ್ತೆ ಬಿಗಿಯಬಹುದಿತ್ತು. ಬಾಯಿ ತೆರೆದರು. ಪರದೆ ಸರಿಸಿ ಸೊಸೆ ನಿಂತಿದ್ದಳು, ಕಣ್ಣಲ್ಲೇ ಬೇಡುತ್ತಿದ್ದಳು. ಬಾಯಿ ಮುಚ್ಚಿಕೊಂಡು ಮುಂದಿನ ಬಿರಡೆಗೆ ಕೀಲಿ ಹಾಕಿದರು.

ಬಿಚ್ಚಿದ ತುಂಡುಗಳು ಒಂದೊಂದಾಗಿ ಕೆಳಗಿಳಿದವು. ಗೂಳಿಯ ಹುಡುಗರು ಕಬ್ಬಿಣದ ಚೌಕಟ್ಟನ್ನು ಹಗ್ಗ ಕಟ್ಟಿ ಇಳಿಸುವಾಗ ಮೆಟ್ಟಿಲ ಗೋಡೆಯ ಸುಣ್ಣ ಉದುರಿತು. ಗೂಳಿ ಅಂಗಳದಲ್ಲಿ ಬಿರಡೆ ಹಲಗೆಯನ್ನು ಮಗ್ಗುಲಾಗಿಸಿ, ಅಂಗೈಯಿಂದ ಸವರಿ, ಮೆಚ್ಚಿಗೆಯಿಂದ ಹೇಳಿದ:

"ಎಂಥಾ ಮರ ನೋಡಿ ಮೇಷ್ಟ್ರೇ! ಒಂದು ಕೂದಲೆಳೆ ಬಿರುಕಿಲ್ಲ. ಇದಕ್ಕೇನು ರೋಗ ಬಂದಿತ್ತು ಅಂತ ಎಸೀತಿದ್ದಾರೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮೇಷ್ಟ್ರು ತಲೆಯೆತ್ತಿ ಮೂರನೇ ಮಹಡಿಯ ಕಿಟಕಿ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. "ಬೇಗ ತುಂಬಿಸಪ್ಪ," ಎಂದರು. ಕಬ್ಬಿಣ ಗುಜರಿಗೆ ಹೋಯಿತು. ಮರ ಯಾರದೋ ಒಲೆಗೆ.

ಹೊಸದು ಬಂತು. ಮೇಜಿನಷ್ಟೇ ತೆಳುವಾದ, ಕರಿ ಬಣ್ಣದ, ಕರೆಂಟಿನ ಪಿಯಾನೋ. ಉಳಿದ ಜಾಗದಲ್ಲಿ ಸೊಸೆಗೊಂದು ಸರಿಯಾದ ಮಂಚ ಹಾಕಿದರು. ಅವಳು ನಿದ್ದೆ ಮಾಡಿದಳು. ಅವಳ ಮುಖಕ್ಕೆ ರಕ್ತ ಬಂತು. ಆ ಲೆಕ್ಕಕ್ಕೆ ನೋಡಿದರೆ ಕೆಲಸ ಒಳ್ಳೆಯದೇ ಆಗಿತ್ತು, ಮೇಷ್ಟ್ರು ತಮಗೆ ತಾವೇ ಹಾಗೆ ಹೇಳಿಕೊಂಡು ನೋಡಿದರು. ಹೇಳಿಕೊಂಡದ್ದು ಮನಸ್ಸಿಗೆ ತಾಗಲಿಲ್ಲ.

ರೂಢಿಯ ಕಾಲಕ್ಕೆ ಅಂಚೆಯಮ್ಮನಿಂದ ಕರೆ ಬಂತು. ಹೋದರು. ಹೋಗದೆ ಇರಲು ನೆಪ ಸಿಗಲಿಲ್ಲ.

"ಇದಕ್ಕೆ ಶ್ರುತಿ ಕೂಡಿಸೋ ಕೆಲಸ ಇಲ್ವಂತೆ," ಎಂದಳು ಆಕೆ. "ಗೊತ್ತು ನಂಗೆ. ಆದರೂ ಕರೆದೆ. ನನ್ನ ಪಿಯಾನೋ ಹೋಗಿ ನಿಮ್ಮ ಒಂದು ಮನೆ ಕೆಲಸ ಕಳೆದೆ. ಕ್ಷಮಿಸಿ ಮೇಷ್ಟ್ರೇ. ಚಹಾನಾದ್ರೂ ಕುಡ್ಕೊಂಡು ಹೋಗಿ."

ಆಕೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನುಡಿಸಿ ತೋರಿಸಿದಳು. ಹೊರಗಿನವರಿಗೆ ಕೇಳಿಸಿದ್ದು ಬರೀ ಬೆರಳಿನ ಕೆಳಗೆ ಪಿಯಾನೋದ ಮನೆಗಳು ಬೀಳುವ ಟಕಟಕ. ಎಲ್ಲೋ ಒಂದು ಕಡೆ ನಿಂತು "ಛೆ" ಅಂದಳು. ಆಮೇಲೆ ಮತ್ತೆ ಮೊದಲಿಂದ ಶುರು ಮಾಡಲಿಲ್ಲ. ಅದನ್ನು ಕಿವಿಯಿಂದ ತೆಗೆದಿಟ್ಟು, "ನೀರಿನೊಳಗೆ ಮುಳುಗಿ ಮಾತಾಡಿದ ಹಾಗಿರುತ್ತೆ," ಎಂದು ನಕ್ಕಳು.

ಕ್ಷಮೆ ಕೇಳಬೇಕಾದವನನ್ನೇ ಕ್ಷಮೆ ಕೇಳಿದರೆ ಹೇಗಿರುತ್ತದೆ? ಮೇಷ್ಟ್ರು ಮನೆಗೆ ಬಂದು ಊಟದ ತಟ್ಟೆ ಸರಿಸಿದರು. ಹೆಂಡತಿ ಸೂಜಿ ಬಾಯಲ್ಲಿ ಕಚ್ಚಿಕೊಂಡೇ, "ಏನ್ರೀ, ಯಾರ ಮನೇಲಿ ಏನು ಒಡೆದು ಬಂದ್ರಿ?" ಎಂದಳು. ತಮಾಷೆಗೆ ಅಂದದ್ದು. ಇವರು ಎಲ್ಲ ಹೇಳಿಬಿಟ್ಟರು. ಅವಳು ಸೂಜಿ ತೆಗೆದು ಹೊಲಿಯುತ್ತಿದ್ದ ರವಿಕೆಯ ತೋಳಿಗೆ ಚುಚ್ಚಿಟ್ಟಳು.

"ಆ ಹುಡುಗಿ ನಿದ್ದೆಗೆಟ್ಟು ಕೇಳಿದಳು, ಸರಿ. ನಿಮಗೇನಾಗಿತ್ತು?"

"ಮಂಡಿ ನೋವು ಕಣೇ."

"ಹೋಗಿ ಹೇಳಿ ಬನ್ನಿ. ಇಲ್ಲಾಂದ್ರೆ ಬಿಸಿ ತುಪ್ಪ ಬಾಯಲ್ಲಿಟ್ಕೊಂಡ ಹಾಗೆ ನನ್ನ ಎದುರಿಗೆ ಓಡಾಡ್ತೀರಿ. ನೋಡೋಕಾಗಲ್ಲ ನಂಗೆ."

ಅವಳು ಹೇಳಿದ್ದು ಸರಿಯೇ. ಆದರೂ ನಾಳೆ ನಾಳೆ ಎನ್ನುತ್ತ ಬಹಳ ದಿನ ತಳ್ಳಿದರು. ಕೊನೆಗೊಂದು ಮಧ್ಯಾಹ್ನ ಹೋದರು. ಸೊಸೆ ಹಗಲು ಪಾಳಿಗೆ ಹೋಗಿದ್ದಳು. ಅಂಚೆಯಮ್ಮ ಬಟ್ಟೆ ಮಡಿಸುತ್ತಿದ್ದಳು. ಮೇಷ್ಟ್ರು ಕೂರಲಿಲ್ಲ.

"ಅಮ್ಮಾ, ಆ ಹಲಗೆ ಸೀಳಿರಲಿಲ್ಲ. ಕೆಲವು ಬಿರಡೆ ಬದಲಾಯಿಸಿದ್ರೆ ಸಾಕಿತ್ತು. ನಾನು ಸುಳ್ಳು ಹೇಳಿದೆ."

ಆಕೆ ಕೈಯಲ್ಲಿದ್ದ ಟವೆಲನ್ನು ಪೂರ್ತಿ ಮಡಿಸಿ, ಗುಡ್ಡೆಯ ಮೇಲಿಟ್ಟು, ಆಮೇಲೆ ನೋಡಿದಳು.

"ಯಾಕೆ?"

"ಮೆಟ್ಟಿಲು ಹತ್ತೋಕೆ ಆಗ್ತಿರಲಿಲ್ಲ."

"ಅಷ್ಟಕ್ಕೇನಾ?"

"ಅಷ್ಟಕ್ಕೇ."

"ನಮ್ಮ ಹುಡುಗಿಗೆ ಇದು ಗೊತ್ತಿತ್ತಾ?"

ಇದನ್ನು ಮೇಷ್ಟ್ರು ನಿರೀಕ್ಷಿಸಿರಲಿಲ್ಲ. ನಿಜ ಹೇಳಲೆಂದು ಬಂದವರು ಅರ್ಧ ದಾರಿಯಲ್ಲಿ ಸಿಕ್ಕಿಬಿದ್ದರು. ಈ ಅತ್ತೆಗೆ ಆ ಸೊಸೆ, ಆ ಸೊಸೆಗೆ ಈ ಅತ್ತೆ. ಬೆಳಗಾದರೆ ಒಬ್ಬರ ಮುಖ ಒಬ್ಬರು ನೋಡಬೇಕು. ತಾನು ಮೂರನೆಯವನು, ಬಾಗಿಲು ದಾಟಿದರೆ ಆಯಿತು.

"ಇಲ್ಲಮ್ಮ. ಆಕೆಗೆ ಏನೂ ಗೊತ್ತಿರಲಿಲ್ಲ."

ಆಕೆಯ ಮುಖ ಸ್ವಲ್ಪ ಸಡಿಲವಾಯಿತು. ಆಮೇಲೆ ಮತ್ತೆ ಗಟ್ಟಿಯಾಯಿತು. "ನನ್ನ ಎದುರಿಗೇ ಕೂತು ಒಂದೊಂದು ಬಿರಡೆ ಬಿಚ್ಚಿದ್ರಲ್ಲ. ನಾನು ಪಕ್ಕದಲ್ಲಿ ನಿಂತಿದ್ದೆ. ಆಗಲೂ ಬಾಯಿ ಬರಲಿಲ್ಲ ನಿಮಗೆ." ದನಿ ಏರಲಿಲ್ಲ. "ಹೋಗಿ. ಇನ್ನು ಈ ಮೆಟ್ಟಿಲು ಹತ್ತೋ ಕಷ್ಟ ತಗೋಬೇಡಿ."

ಇಳಿಯುವಾಗ ಮೇಷ್ಟ್ರಿಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಒಂದು ಸುಳ್ಳನ್ನು ಇಳಿಸಲು ಹೋಗಿ ಇನ್ನೊಂದನ್ನು ಹೊತ್ತು ತಂದಿದ್ದರು.

ಕೆಲವು ವಾರ ಕಳೆದ ಮೇಲೆ ಸೊಸೆ ಮೇಷ್ಟ್ರ ಮನೆ ಹುಡುಕಿಕೊಂಡು ಬಂದಳು. ಪಾಳಿ ಮುಗಿಸಿ ನೇರ ಬಂದಿದ್ದಳು, ಸಮವಸ್ತ್ರ ಕೂಡ ಬದಲಿಸಿರಲಿಲ್ಲ.

"ನನ್ನ ಹೆಸರು ಯಾಕೆ ಹೇಳಲಿಲ್ಲ ಮೇಷ್ಟ್ರೇ?"

"ನಿಮ್ಮ ಮನೆ ಒಡೆಯೋದು ಬೇಡ ಅಂತ."

"ಮನೆ ಒಡೀಲಿಲ್ಲ. ನಾವಿಬ್ಬರೂ ಈಗ ಎಂಥಾ ಒಂದಾಗಿದ್ದೀವಿ ಗೊತ್ತಾ? ದಿನಾ ಊಟಕ್ಕೆ ಕೂತರೆ ಅತ್ತೆ ನಿಮ್ಮನ್ನ ಬೈತಾರೆ, ನಾನು ಹೂಂ ಅಂತೀನಿ. 'ಪಾಪ, ನಿನಗೂ ಮೋಸ ಮಾಡಿದ' ಅಂತ ತಲೆ ಸವರಿ ಬಡಿಸ್ತಾರೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ಅಷ್ಟು ಪ್ರೀತಿ. ತುತ್ತು ಗಂಟಲಲ್ಲಿ ಇಳಿಯಲ್ಲ. ನೀವೊಬ್ರೇ ಒಳ್ಳೆಯವರಾಗಿ, ಎಲ್ಲಾನೂ ನನ್ನ ಮೇಲೆ ಹೇರಿಬಿಟ್ರಿ."

ಮೇಷ್ಟ್ರ ಹೆಂಡತಿ ಅವಳಿಗೆ ಕುರ್ಚಿ ಎಳೆದು ಹಾಕಿದಳು. ಮೇಷ್ಟ್ರು ಉಪಕಾರ ಮಾಡುತ್ತಿದ್ದೇನೆಂದುಕೊಂಡು ತಾವು ಉಂಡ ಮುಳ್ಳನ್ನೇ ಅವಳ ತಟ್ಟೆಗೂ ಬಡಿಸಿದ್ದರು. ಅವಳು ಹೊರಡುವಾಗ ಅವರು, "ಹೇಳೋದಾದ್ರೆ ಹೇಳಮ್ಮ. ನಾನು ಹೇಳು ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ನನ್ನ ಮಾತು ಕೇಳೋ ಕಾಲ ಮುಗೀತು," ಎಂದರು.

ಅವಳು ಹೇಳಿದಳು. ಹೇಳಿದ ಮೇಲೆ ಒಮ್ಮೆ ದಾರಿಯಲ್ಲಿ ಸಿಕ್ಕಾಗ ಮೇಷ್ಟ್ರಿಗೂ ತಿಳಿಸಿದಳು. ಅಂಚೆಯಮ್ಮ ಬೈಯಲಿಲ್ಲವಂತೆ. ಬಡಿಸುತ್ತಿದ್ದ ಸೌಟು ಕೆಳಗಿಟ್ಟು, "ಬೆಳಗ್ಗೆ ನುಡಿಸಬೇಡಿ ಅಂತ ಒಂದು ಮಾತು ಹೇಳಿದ್ರೆ ಸಂಜೆ ನುಡಿಸ್ತಿದ್ದೆ. ನನ್ನನ್ನ ಮಾತ್ರ ಯಾರೂ ಕೇಳಲಿಲ್ಲ," ಎಂದಳಂತೆ. ಆಮೇಲೆ ಎಷ್ಟೋ ದಿನ ಮನೆಯಲ್ಲಿ ಮಾತು ಲೆಕ್ಕ ಹಾಕಿದಷ್ಟೇ. ಈಗೀಗ ಪರವಾಗಿಲ್ಲ ಎಂದಳು ಸೊಸೆ. ತಲೆ ಸವರುವುದು ನಿಂತಿದೆ, ಆದರೆ ಊಟ ಇಳಿಯುತ್ತಿದೆ.

ಮೇಷ್ಟ್ರಿಗೆ ಆ ಮಾತು ಮುಳ್ಳಿನಂತೆ ಕೂತಿತು. ಸಂಜೆ ನುಡಿಸ್ತಿದ್ದೆ. ಅಷ್ಟು ಸುಲಭವಾಗಿತ್ತು! ಅದಾದ ಮೇಲೆ ಯಾವ ಮನೆಯಲ್ಲಿ ಪಿಯಾನೋ ತೆಗೆದುಬಿಡುವ ಮಾತು ಬಂದರೂ ಅವರು, "ನುಡಿಸೋರು ಯಾರು? ಅವರನ್ನ ಕರೀರಿ, ಅವರ ಹತ್ರ ಮಾತಾಡ್ತೀನಿ," ಎನ್ನತೊಡಗಿದರು. ಕೆಲವರು ಮೇಷ್ಟ್ರಿಗೆ ಅರಳುಮರಳು ಎಂದರು.

ಮುಂದಿನ ವರ್ಷ ನಿವೃತ್ತ ನೌಕರರ ಸಂಘದವರು ತಮ್ಮ ಸಭಾಂಗಣದ ಪಿಯಾನೋಕ್ಕೆ ಅವರನ್ನು ಕರೆಸಿದರು. ದೂಳು ಹಿಡಿದು ಬಿದ್ದಿದ್ದ ಅದನ್ನು ಯಾರೋ ಒಬ್ಬಾಕೆ ಸಂಜೆ ಹೊತ್ತು ಬಂದು ನುಡಿಸುತ್ತಾರೆಂದು ಕಾವಲುಗಾರ ಹೇಳಿದ. "ಅಂಚೆ ಇಲಾಖೆಯವರಂತೆ. ಒಂದು ಕಡೆ ತಪ್ಪುತ್ತೆ, ಮತ್ತೆ ಮೊದಲಿಂದ ಶುರು ಮಾಡ್ತಾರೆ. ನಂಗೂ ಬಾಯಿಪಾಠ ಆಗಿಬಿಟ್ಟಿದೆ ಸಾರ್."

ಮೇಷ್ಟ್ರು ಅವತ್ತು ಇಡೀ ದಿನ ಅಲ್ಲಿಂದ ಏಳಲಿಲ್ಲ. ಸಡಿಲವಾದ ಬಿರಡೆ ಬದಲಾಯಿಸಿದರು, ಸುತ್ತಿಗೆಗಳ ಸವೆದ ಉಣ್ಣೆ ತೆಗೆದು ಹೊಸದು ಅಂಟಿಸಿದರು. ಆಕೆ ಬರುವ ಮುಂಚೆ ಹೊರಟುಬಿಡಬೇಕೆಂದುಕೊಂಡಿದ್ದರು. ಕೀಲಿಚೀಲ ಕಟ್ಟುತ್ತಿರುವಾಗಲೇ ಬಾಗಿಲಲ್ಲಿ ಆಕೆ ನಿಂತಿದ್ದಳು.

ಮೇಷ್ಟ್ರು ಪಕ್ಕಕ್ಕೆ ಸರಿದರು. ಆಕೆ ಬಂದು ಕೂತು, ಮೇಲಿಂದ ಕೆಳಗಿನವರೆಗೆ ಬೆರಳಾಡಿಸಿದಳು. ಒಂದು ಕಡೆ ನಿಲ್ಲಿಸಿ ಅದೇ ಮನೆಯನ್ನು ಎರಡು ಸಲ ಒತ್ತಿದಳು.

"ಇದು ಒಂಚೂರು ಇಳಿದಿದೆ."

ಮೇಷ್ಟ್ರು ಚೀಲ ಬಿಚ್ಚಿ ಕೀಲಿ ತೆಗೆದರು. ನಿಜಕ್ಕೂ ಇಳಿದಿತ್ತು. ಹೊಸ ಬಿರಡೆ ಇನ್ನೂ ಕೂತಿರಲಿಲ್ಲ. ನಡುಕ ನಿಲ್ಲುವವರೆಗೆ ತಿರುಗಿಸಿದರು.

"ಸರಿ," ಎಂದಳು ಆಕೆ. ಕೂತುಕೊಳ್ಳಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಮೇಷ್ಟ್ರೂ ಏನೂ ಕೇಳಲಿಲ್ಲ. ಕೇಳುವ ಹಕ್ಕು ತಮಗಿದೆ ಎಂದು ಅವರಿಗೆ ಅನ್ನಿಸಲಿಲ್ಲ. ಆಕೆ ನುಡಿಸಲು ಶುರು ಮಾಡಿದಳು. ಅವರು ಚೀಲ ಹೆಗಲಿಗೆ ಹಾಕಿಕೊಂಡು, ಬಾಗಿಲು ಸದ್ದಾಗದಂತೆ ಎಳೆದುಕೊಂಡು, ಬಸ್ಸಿಗೆ ನಡೆದರು.